ಎಂಸಿಎ ವಿದ್ಯಾರ್ಥಿಗಳಿಗೆ ನೀಡಿದ ವೆಬ್ ಡೆವಲಪ್‌ಮೆಂಟ್ ತರಬೇತಿಯ ಲೋಪಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಕಾಲೇಜು ತರಬೇತಿ ವಿಭಾಗ,
ಬೆಂಗಳೂರು

ಇವರಿಂದ,
ತರಗತಿ ಪ್ರತಿನಿಧಿ,
ಎಂಸಿಎ ಮೂರನೇ ಸೆಮಿಸ್ಟರ್,
ಶಿವಮೊಗ್ಗ

ವಿಷಯ: ಫುಲ್ ಸ್ಟ್ಯಾಕ್ (ಪರದೆಯ ಪುಟದಿಂದ ಡೇಟಾಬೇಸ್‌ವರೆಗಿನ) ವೆಬ್ ಡೆವಲಪ್‌ಮೆಂಟ್ ತರಬೇತಿಯನ್ನು ಮತ್ತೆ ನಡೆಸಿಕೊಡುವ ಅಥವಾ ಶುಲ್ಕ ಮರಳಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ಸಂಸ್ಥೆ ನಮ್ಮ ಕಾಲೇಜಿನಲ್ಲಿ ನಡೆಸಿದ ಈ ತರಬೇತಿಗೆ ನಾವು ಕಾಲೇಜು ಶುಲ್ಕದ ಜೊತೆಗೆ ತಲಾ 18,000 ರೂಪಾಯಿ ಕಟ್ಟಿದ್ದೇವೆ. ತರಬೇತಿ ಮುಗಿಯಿತೆಂದು ಇಮೇಲ್ ಕಳುಹಿಸಿ, ಪ್ರಮಾಣಪತ್ರಗಳನ್ನೂ ಹಂಚಿದ್ದೀರಿ. ಆದರೆ ನಿಮ್ಮ ಮಾಹಿತಿ ಪುಸ್ತಿಕೆಯಲ್ಲಿದ್ದ ಪಾಠಗಳಲ್ಲಿ ಬಹುಪಾಲು ನಡೆದೇ ಇಲ್ಲ. ನಡೆದ ಪಾಠಗಳಲ್ಲಿ ಕೆಲವನ್ನು ಯಾರೂ, ಎಲ್ಲಿಯೂ ಕಲಿಸಬಾರದು. ಮೊದಲನೆಯದರಿಂದ ನಮಗೆ ನಷ್ಟ. ಎರಡನೆಯದರಿಂದ ನಾಳೆ ನಾವು ಕಟ್ಟುವ ಜಾಲತಾಣಗಳನ್ನು ನಂಬಿ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಕೊಡುವ ಜನರಿಗೆ ನಷ್ಟ. ಆದ್ದರಿಂದ ಅದನ್ನೇ ಮೊದಲು ಬರೆಯುತ್ತೇನೆ.

ಲಾಗಿನ್ ಪುಟ ಮಾಡುವುದು ಹೇಗೆಂದು ನಿಮ್ಮ ತರಬೇತುದಾರರು ತೋರಿಸಿಕೊಟ್ಟ ದಿನ ಇಡೀ ತರಗತಿ ಲ್ಯಾಬಿನಲ್ಲಿತ್ತು. ಬಳಕೆದಾರರು ಬರೆದ ಹೆಸರು ಮತ್ತು ಪಾಸ್‌ವರ್ಡನ್ನು ಇದ್ದಂತೆಯೇ ತೆಗೆದುಕೊಂಡು ಡೇಟಾಬೇಸ್ ಪ್ರಶ್ನೆಯ, ಅಂದರೆ ಮಾಹಿತಿ ಹುಡುಕಲು ಡೇಟಾಬೇಸಿಗೆ ಕೊಡುವ ಆದೇಶದ, ಸಾಲಿಗೆ ಅಂಟಿಸುವುದು, ಅಷ್ಟೇ ಪಾಠ. ಎಲ್ಲರ ಪರದೆಯ ಮೇಲೂ ಲಾಗಿನ್ ಕೆಲಸ ಮಾಡಿತು. ಆಗ ನನ್ನ ಪಕ್ಕದ ಸಹಪಾಠಿ ಹೆಸರಿನ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ಒಂದು ಒಂದಕ್ಕೆ ಸಮ ಎಂಬಂಥ, ಯಾವಾಗಲೂ ನಿಜವೇ ಆಗಿರುವ ಷರತ್ತೊಂದನ್ನು ಸೇರಿಸಿದಳು. ಪಾಸ್‌ವರ್ಡ್ ಗೊತ್ತಿಲ್ಲದೆಯೇ ಅಡ್ಮಿನ್ ಪುಟ ತೆರೆದುಕೊಂಡಿತು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕರೆಯುವ ಈ ದಾಳಿ ವೆಬ್ ಸುರಕ್ಷತೆಯ ಯಾವುದೇ ಪುಸ್ತಕದ ಮೊದಲ ಅಧ್ಯಾಯಗಳಲ್ಲೇ ಇರುತ್ತದೆ. ಅವಳು ಕೈ ಎತ್ತಿ ತೋರಿಸಿದಾಗ ಬಂದ ಉತ್ತರ: ‘ಅದು ಸಿಲಬಸ್‌ನಲ್ಲಿ ಇಲ್ಲ, ಮುಂದಿನ ಸ್ಲೈಡ್‌ಗೆ ಹೋಗೋಣ.’

ಇದಕ್ಕೆ ಪರಿಹಾರ ದುಬಾರಿಯದೂ ಅಲ್ಲ, ಹೊಸದೂ ಅಲ್ಲ. ಡೇಟಾಬೇಸ್ ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿಟ್ಟು, ಬಳಕೆದಾರರ ಮಾಹಿತಿಯನ್ನು ಪ್ರತ್ಯೇಕವಾಗಿ ಕಳುಹಿಸುವ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ವಿಧಾನ, ನೀವು ಕಲಿಸಿದ ವೆಬ್ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯಲ್ಲಿ 5ನೇ ಆವೃತ್ತಿಯ ಕಾಲದಿಂದಲೂ ಇದೆ. ಪಾಸ್‌ವರ್ಡ್ ವಿಷಯವೂ ಹಾಗೆಯೇ. ಪಾಸ್‌ವರ್ಡನ್ನು ಗುರುತು ಸಿಗದ ಅಕ್ಷರಗಳ ಸಾಲಾಗಿ (ಹ್ಯಾಶ್) ಬದಲಿಸುವ ಎಂಡಿ5 ಎಂಬ ವಿಧಾನ ಬಳಸಿದರೆ ಅದು ಭದ್ರವಾಗಿರುತ್ತದೆ ಎಂದು ನಮಗೆ ಕಲಿಸಲಾಯಿತು. ಎಂಡಿ5ರ ದೌರ್ಬಲ್ಯವನ್ನು ಸಂಶೋಧಕರು 2004ರಲ್ಲಿಯೇ ಬಯಲು ಮಾಡಿದ್ದಾರೆ. ಜೊತೆಗೆ ಅದು ಅತಿ ವೇಗದ ಲೆಕ್ಕಾಚಾರವಾದ್ದರಿಂದ, ಕದ್ದ ಪಟ್ಟಿಯೊಂದು ಕೈಗೆ ಸಿಕ್ಕಿದವರು ಸಾಮಾನ್ಯ ಪಾಸ್‌ವರ್ಡ್‌ಗಳನ್ನು ಸಲೀಸಾಗಿ ಪತ್ತೆ ಮಾಡಬಲ್ಲರು. ಪಾಸ್‌ವರ್ಡ್‌ಗೆಂದೇ ರೂಪಿಸಿದ ಹ್ಯಾಶ್ ಫಂಕ್ಷನ್ 2013ರ ಪಿಎಚ್‌ಪಿ 5.5ರಲ್ಲೇ ಸಿದ್ಧವಾಗಿ ಬಂದಿದೆ. ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ನೀವು ಹಾಕಿಸಿದ್ದು 5.6. ಅಂದರೆ ಸರಿಯಾದ ಉಪಕರಣ ನಮ್ಮೆದುರಿಗೇ ಇತ್ತು, ಅದನ್ನು ತೋರಿಸಲಿಲ್ಲ. ಆವೃತ್ತಿ ಹಳೆಯದು ಎಂಬ ಸಬೂಬೂ ಇಲ್ಲಿ ನಡೆಯುವುದಿಲ್ಲ.

ಹಳೆಯ ಆವೃತ್ತಿಯ ವಿಷಯಕ್ಕೇ ಬರುತ್ತೇನೆ. ಪಿಎಚ್‌ಪಿ 5.6ಕ್ಕೆ ಸುರಕ್ಷತಾ ಬೆಂಬಲ 2018ರ ಡಿಸೆಂಬರ್‌ಗೆ ನಿಂತುಹೋಯಿತು. ನೀವು ಕಲಿಸಿದ ಡೇಟಾಬೇಸ್ ಸಂಪರ್ಕದ ಫಂಕ್ಷನ್‌ಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಿಂದಲೇ ತೆಗೆದುಹಾಕಲಾಗಿದೆ. ಹಾಗಾಗಿ ಲ್ಯಾಬಿನಲ್ಲಿ ಬರೆದದ್ದನ್ನು ಹಾಸ್ಟೆಲ್‌ಗೆ ತಂದು ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಓಡಿಸಿದರೆ ‘ಇಂಥ ಫಂಕ್ಷನ್ ಇಲ್ಲ’ ಎಂಬ ಸಂದೇಶ ಬರುತ್ತದೆ. ನಿಮ್ಮ ಸಹಾಯ ವಿಭಾಗಕ್ಕೆ ಬರೆದಾಗ, ಹಳೆಯ ಆವೃತ್ತಿಯನ್ನೇ ಹಾಕಿಕೊಳ್ಳಿ ಎಂಬ ಉತ್ತರ ಬಂದಿದೆ. ಆ ಇಮೇಲ್ ಲಗತ್ತಿಸಿದ್ದೇನೆ. ಯಾವ ಕಂಪನಿ ಹಳೆಯ ಆವೃತ್ತಿಯನ್ನು ಹಾಕಿಕೊಂಡು ನಮಗಾಗಿ ಕಾಯುತ್ತದೆ?

ಪುಸ್ತಿಕೆಯಲ್ಲಿ ಪರದೆಯ ಪುಟಗಳನ್ನು ಕಟ್ಟುವ ಆಂಗ್ಯುಲರ್, ರಿಯಾಕ್ಟ್, ಸರ್ವರ್ ಕಡೆಯ ಕೆಲಸಕ್ಕೆ ಬಳಸುವ ನೋಡ್, ಈ ಮೂರೂ ಉಪಕರಣಗಳು ಇದ್ದವು. ರಿಯಾಕ್ಟ್ ಎರಡು ತರಗತಿಗಳಲ್ಲಿ ಮುಗಿಯಿತು, ನೋಡ್ ಬರಲೇ ಇಲ್ಲ. ಆಂಗ್ಯುಲರ್ ಹೆಸರಿನಲ್ಲಿ ವಿಡಿಯೊದಲ್ಲಿ ತೋರಿಸಿದ್ದು ಅದರ ಹಳೆಯ ರೂಪವಾದ ಆಂಗ್ಯುಲರ್‌ಜೆಎಸ್. 2016ರಲ್ಲಿ ಆಂಗ್ಯುಲರ್ ಅನ್ನು ಬುಡದಿಂದಲೇ ಹೊಸದಾಗಿ ಬರೆದ ಮೇಲೆ ಅದೂ ಇದೂ ಬೇರೆಯೇ. ಹಳೆಯದಕ್ಕೆ 2021ರ ಕೊನೆಗೆ ಬೆಂಬಲವೂ ನಿಂತಿದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಕೆ, ಮೊಬೈಲ್ ಪರದೆಗೆ ಪುಟ ಹೊಂದಿಸುವುದು, ಡೊಮೇನ್ (ಜಾಲತಾಣದ ವಿಳಾಸ), ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಯಾವುದೂ ಆಗಿಲ್ಲ. ನಮ್ಮ ಬ್ಯಾಚಿನಲ್ಲಿ ಒಬ್ಬರ ಪ್ರಾಜೆಕ್ಟ್ ಕೂಡ ಲ್ಯಾಬಿನ ಕಂಪ್ಯೂಟರ್ ದಾಟಿ ಅಂತರಜಾಲಕ್ಕೆ ಹೋಗಿಲ್ಲ. ವೆಬ್ ಕಲಿತವರು ವೆಬ್‌ಗೆ ಒಂದು ಪುಟವನ್ನೂ ಏರಿಸದೆ ಪ್ರಮಾಣಪತ್ರ ಪಡೆದಿದ್ದೇವೆ.

ನನಗೆ ಅತ್ಯಂತ ನೋವು ತಂದ ಸಂಗತಿ ಬೇರೆ. ನನ್ನ ಕಿರು ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. ಯಾರು ಯಾವ ಪುಸ್ತಕ ಒಯ್ದಿದ್ದಾರೆ, ಯಾವಾಗ ಹಿಂದಿರುಗಿಸಬೇಕು ಎಂಬುದನ್ನು ಅಲ್ಲಿನ ಮೇಲ್ವಿಚಾರಕರು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಅದನ್ನು ಕಂಪ್ಯೂಟರಿಗೆ ತರುವುದು ನನ್ನ ಆಸೆ. ಪುಸ್ತಕಗಳು ಕನ್ನಡದವು, ಓದುಗರ ಹೆಸರುಗಳನ್ನು ಬರೆಯುವುದು ಕನ್ನಡದಲ್ಲಿ. ನೀವು ಕೊಟ್ಟ ಮಾದರಿ ಅರ್ಜಿ ನಮೂನೆಯಲ್ಲಿ ‘ಶ್ರೀದೇವಿ’ ಎಂದು ಬರೆದ ಕೂಡಲೇ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು: ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು. ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತಾರನ್ನು ಮಾತ್ರ ಅಕ್ಷರವೆಂದು ಒಪ್ಪುವಂತೆ ಆ ನಿಯಮ ಬರೆಯಲಾಗಿತ್ತು. ನಿಯಮ ತೆಗೆದು ಮತ್ತೆ ಸೇರಿಸಿದಾಗ, ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿತು. ತರಬೇತುದಾರರನ್ನು ಕೇಳಿದೆ. ಕನ್ನಡ ಬೇಡ, ಇಂಗ್ಲಿಷಿನಲ್ಲಿಯೇ ಮಾಡಿ, ಅಂಕಕ್ಕೆ ಅಷ್ಟು ಸಾಕು ಎಂದರು.

ಕಾರಣವನ್ನು ನಾವೇ ಹುಡುಕಿದೆವು. ನೀವು ಕೊಟ್ಟ ಡೇಟಾಬೇಸ್ ಕೋಷ್ಟಕದ ಅಕ್ಷರ ವ್ಯವಸ್ಥೆ ಲ್ಯಾಟಿನ್-1. ಅದರಲ್ಲಿ ಪಶ್ಚಿಮ ಯುರೋಪಿನ ಭಾಷೆಗಳಿಗೆ ಬೇಕಾದ ಅಕ್ಷರಗಳಿವೆ, ಕನ್ನಡಕ್ಕೆ ಜಾಗವೇ ಇಲ್ಲ. ಕೋಷ್ಟಕವನ್ನು ಎಲ್ಲ ಲಿಪಿಗಳನ್ನೂ ಬರೆದಿಡಬಲ್ಲ ಯುಟಿಎಫ್-8ರ ಪೂರ್ಣ ರೂಪಕ್ಕೆ ಬದಲಿಸಿ, ಸಂಪರ್ಕಕ್ಕೂ ಅದನ್ನೇ ಸೂಚಿಸಿ, ಹೆಸರುಗಳನ್ನು ಮತ್ತೆ ಸೇರಿಸಿದಾಗ ‘ಶ್ರೀದೇವಿ’ ಒತ್ತಕ್ಷರ ಸಮೇತ ಸರಿಯಾಗಿ ಮೂಡಿತು. ಯುಟಿಎಫ್-8ಕ್ಕೆ ಆಧಾರವಾದ, ಲೋಕದ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿ ಇತ್ತು. 2018ರಲ್ಲಿ ಬಂದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ 8ರಲ್ಲಿ ಯುಟಿಎಫ್-8ರ ಈ ಪೂರ್ಣ ರೂಪ ತಾನಾಗಿಯೇ ಇರುತ್ತದೆ. ‘ಶ್ರೀ’ ಎಂಬ ಒಂದು ಅಕ್ಷರ ಒಳಗೆ ನಾಲ್ಕು ಸಂಕೇತಗಳಾಗಿ ಕುಳಿತಿರುತ್ತದೆ, ಯುಟಿಎಫ್-8ರಲ್ಲಿ ಹನ್ನೆರಡು ಬೈಟ್ ಹಿಡಿಯುತ್ತದೆ. ಆದ್ದರಿಂದ ಹೆಸರಿನ ಉದ್ದಕ್ಕೆ ಮಿತಿ ಹಾಕುವಾಗ ಏನನ್ನು ಎಣಿಸುತ್ತಿದ್ದೇವೆ ಎಂದು ತಿಳಿದಿರಬೇಕು. ಇಷ್ಟನ್ನು ಒಂದು ಗಂಟೆಯ ಪಾಠದಲ್ಲಿ ಹೇಳಬಹುದಿತ್ತು. ಶಿವಮೊಗ್ಗದಲ್ಲಿ ಕುಳಿತು ವೆಬ್ ಕಲಿಯುವವರಿಗೆ ಇದಕ್ಕಿಂತ ಅಗತ್ಯದ ಪಾಠ ಇನ್ನಾವುದಿದೆ? ನಮ್ಮಲ್ಲಿ ಎಲ್ಲರೂ ಬೆಂಗಳೂರಿನ ದೊಡ್ಡ ಕಂಪನಿಗೆ ಹೋಗುವವರಲ್ಲ. ಸಹಕಾರ ಸಂಘ, ಅಡಿಕೆ ಮಂಡಿ, ಶಾಲೆ, ಆಸ್ಪತ್ರೆಗಳಿಗೆ ಜಾಲತಾಣ ಮಾಡಿಕೊಟ್ಟು ಇಲ್ಲಿಯೇ ಬದುಕಬೇಕೆಂದಿರುವವರೂ ಇದ್ದೇವೆ.

ದೃಷ್ಟಿದೋಷವಿರುವ ಸಹಪಾಠಿಯೊಬ್ಬರು ನಮ್ಮ ತರಗತಿಯಲ್ಲಿದ್ದಾರೆ. ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ನಮ್ಮೆಲ್ಲರಂತೆಯೇ ಕೋಡ್ ಬರೆಯುತ್ತಾರೆ. ನಿಮ್ಮ ಮಾದರಿ ನಮೂನೆಗಳಲ್ಲಿ ಯಾವ ಖಾನೆಗೂ ಲೇಬಲ್ ಜೋಡಿಸಿರಲಿಲ್ಲವಾದ್ದರಿಂದ, ಇದು ಹೆಸರು ಬರೆಯುವ ಜಾಗವೋ ವಿಳಾಸ ಬರೆಯುವ ಜಾಗವೋ ಎಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಪ್ರತಿ ಖಾನೆಗೆ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದಾದ ಮೇಲೂ ಇದನ್ನು ಪಠ್ಯದ ಹೊರಗಿಡುವುದು ತಪ್ಪು ಎಂದು ನಾವು ನಂಬಿದ್ದೇವೆ.

ತರಬೇತುದಾರರ ಮೇಲೆ ನಮ್ಮ ವೈಯಕ್ತಿಕ ದೂರಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅವರು ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ನೇರವಾಗಿ ತರಗತಿಗೆ ಬರುತ್ತಿದ್ದರು. ಮಧ್ಯಾಹ್ನ ಇನ್ನೊಂದು ಕಾಲೇಜಿನ ಬ್ಯಾಚು. ಸ್ಲೈಡ್‌ಗಳನ್ನು ಬದಲಿಸುವ ಅಧಿಕಾರ ತಮಗಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಅವರಿಗೆ ಸಮಯ ಕೊಡದಿದ್ದದ್ದು ನಿಮ್ಮ ಸಂಸ್ಥೆ. ಈ ಪತ್ರದ ಕಾರಣಕ್ಕೆ ಅವರ ಕೆಲಸಕ್ಕೆ ಕುತ್ತು ಬಂದರೆ ಅದು ನಮಗೆ ಒಪ್ಪಿಗೆಯಿಲ್ಲ.

ಎಂಸಿಎ 2020-21ರಿಂದ ಎರಡು ವರ್ಷದ ಕೋರ್ಸ್ ಆಗಿದೆ. ಮೊದಲು ಮೂರು ವರ್ಷವಿತ್ತು. ನಮ್ಮಲ್ಲಿ ಬಿಸಿಎ ಓದಿದವರಂತೆಯೇ ಗಣಿತದ ಬಿಎಸ್ಸಿ, ಬಿಕಾಂ ಮುಗಿಸಿ, ಬ್ರಿಜ್ ಕೋರ್ಸ್ ಮಾಡಿ ಬಂದವರೂ ಇದ್ದಾರೆ. ನಾಲ್ಕೇ ಸೆಮಿಸ್ಟರ್‌ಗಳಲ್ಲಿ ಒಂದು ಸೆಮಿಸ್ಟರಿನ ಸಂಜೆಗಳು, ಶನಿವಾರಗಳು ನಿಮ್ಮ ತರಬೇತಿಗೆ ಹೋದವು. ಇದೇ ಸಮಯದಲ್ಲಿ ಕ್ಯಾಂಪಸ್ ಸಂದರ್ಶನಗಳು ಶುರುವಾದವು. ಪುಟ ಕೊಡಲಾಗದಾಗ ಸರ್ವರ್ ಕಳುಹಿಸುವ ಸಂಕೇತ ಸಂಖ್ಯೆಗಳಲ್ಲಿ 401 ಎನ್ನುವುದಕ್ಕೂ 403 ಎನ್ನುವುದಕ್ಕೂ ಏನು ವ್ಯತ್ಯಾಸ ಎಂದು ನಮ್ಮ ಬ್ಯಾಚಿನವರನ್ನು ಕೇಳಿದರು. ನೀನು ಯಾರೆಂದು ತಿಳಿಸು ಎನ್ನುವುದು ಮೊದಲನೆಯದು, ಯಾರೆಂದು ಗೊತ್ತು ಆದರೆ ನಿನಗೆ ಅನುಮತಿಯಿಲ್ಲ ಎನ್ನುವುದು ಎರಡನೆಯದು. ಇದು ಗೊತ್ತಿಲ್ಲದೆ ಲಾಗಿನ್ ವ್ಯವಸ್ಥೆ ಕಟ್ಟಲಾಗುವುದಿಲ್ಲ. ನಿಮ್ಮ ಸ್ಲೈಡ್‌ಗಳಲ್ಲಿ ಈ ಸಂಖ್ಯೆಗಳೇ ಇಲ್ಲ.

ಪುಸ್ತಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಶೇ 100 ಉದ್ಯೋಗ ಖಾತರಿ’ ಎಂದಿದೆ. ಫೋನಿನಲ್ಲಿ ವಿಚಾರಿಸಿದಾಗ, ಖಾತರಿಯಲ್ಲ, ಸಂದರ್ಶನಕ್ಕೆ ನೆರವು ಮಾತ್ರ ಎಂದಿರಿ. ಎರಡರಲ್ಲಿ ಒಂದು ಸುಳ್ಳು. ತರಬೇತಿ ಸಂಸ್ಥೆಗಳು ಇಂಥ ಖಾತರಿಯ ಜಾಹೀರಾತು ನೀಡಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಯವಿಟ್ಟು ಅದನ್ನು ಓದಿ ನೋಡಿ. ವೈಯಕ್ತಿಕ ಮಾಹಿತಿಯನ್ನು ಕಾಪಾಡಲು ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ನೀವು ಕಲಿಸಿದ ಲಾಗಿನ್ ಪುಟವನ್ನು ನಂಬಿ ನಾಳೆ ಯಾವುದೋ ಪುಟ್ಟ ಸಂಸ್ಥೆಗೆ ಜಾಲತಾಣ ಮಾಡಿಕೊಟ್ಟರೆ, ಅದರ ಹೊಣೆ ಆ ಸಂಸ್ಥೆಯ ತಲೆಯ ಮೇಲೆ ಬೀಳುತ್ತದೆ.

ನಮಗೆ ಬೇಕಾಗಿರುವುದು ಮುಖ್ಯವಾಗಿ ಪಾಠ. ಮುಂದಿನ ಸೆಮಿಸ್ಟರ್ ಪೂರ್ತಿ ಪ್ರಾಜೆಕ್ಟ್ ಇರುವುದರಿಂದ, ಈ ರಜೆಯಲ್ಲಿಯೇ ತರಬೇತಿಯನ್ನು ಹೊಸ ಪಠ್ಯದೊಂದಿಗೆ, ಹೆಚ್ಚುವರಿ ಶುಲ್ಕವಿಲ್ಲದೆ ಮತ್ತೆ ನಡೆಸಿಕೊಡಿ. ಈಗ ಬೆಂಬಲವಿರುವ ಆವೃತ್ತಿಗಳಲ್ಲಿಯೇ ಕಲಿಸಿ. ಸುರಕ್ಷತೆ ಮತ್ತು ಕನ್ನಡದ ಬಳಕೆ ಮೊದಲ ವಾರದಿಂದಲೇ ಪಾಠದ ಭಾಗವಾಗಿರಲಿ. ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟನ್ನು ಸ್ವಂತವಾಗಿ ಬರೆದು ಅಂತರಜಾಲಕ್ಕೆ ಏರಿಸಿದ ಮೇಲೆಯೇ ಪ್ರಮಾಣಪತ್ರ ಕೊಡಿ. ಈಗ ಹಂಚಿರುವುದನ್ನು ಹಿಂಪಡೆಯಿರಿ, ಅದನ್ನು ಸಂದರ್ಶನದಲ್ಲಿ ತೋರಿಸಲು ನಮಗೆ ಮನಸ್ಸಿಲ್ಲ. ಸೆಮಿಸ್ಟರ್ ಮುಗಿದ ಕೂಡಲೇ ನೀವು ಮುಚ್ಚಿದ, ಪಾಠದ ವಿಡಿಯೊ ನೋಡುವ ನಮ್ಮ ಖಾತೆಗಳನ್ನು ಕೊನೆಯ ಪರೀಕ್ಷೆಯವರೆಗೆ ತೆರೆದಿಡಿ. ಇದು ನಿಮ್ಮಿಂದ ಸಾಧ್ಯವಿಲ್ಲವಾದರೆ ಕಟ್ಟಿದ ಹಣವನ್ನು ಪೂರ್ತಿಯಾಗಿ ವಿದ್ಯಾರ್ಥಿಗಳ ಖಾತೆಗೆ ಮರಳಿಸಿ. ಈ ಹಣಕ್ಕಾಗಿ ಮನೆಯಲ್ಲಿ ಸಾಲ ಮಾಡಿದವರು ನಮ್ಮಲ್ಲಿದ್ದಾರೆ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ. ಫೋನಿನಲ್ಲಿ ಕೊಡುವ ಭರವಸೆಯನ್ನು ಇನ್ನು ಒಪ್ಪುವುದಿಲ್ಲ. ಉತ್ತರ ಬಾರದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಟ್ಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದಾಖಲಿಸಿ, ಅಗತ್ಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇವೆ. ನಿಮ್ಮ ಪಠ್ಯ ತಯಾರಿಸುವವರು ನಮ್ಮೊಂದಿಗೆ ಮಾತನಾಡಲು ಬಯಸಿದರೆ ಯಾವ ಶನಿವಾರವಾದರೂ ಲ್ಯಾಬಿಗೆ ಬರಲಿ. ಮೇಲೆ ಹೇಳಿದ ಪ್ರತಿಯೊಂದನ್ನೂ ಅದೇ ಕಂಪ್ಯೂಟರ್‌ಗಳಲ್ಲಿ ತೋರಿಸಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ತರಗತಿ ಪ್ರತಿನಿಧಿ
(ಇಡೀ ತರಗತಿಯ ಪರವಾಗಿ)

ಲಗತ್ತು: ಶುಲ್ಕ ರಸೀದಿಗಳ ಪ್ರತಿ, ಮಾಹಿತಿ ಪುಸ್ತಿಕೆ, ಸಹಾಯ ವಿಭಾಗದ ಇಮೇಲ್, ಲಾಗಿನ್ ಪುಟದ ಕೋಡ್ ಮುದ್ರಿತ ಪ್ರತಿ, ವಿದ್ಯಾರ್ಥಿಗಳ ಸಹಿ ಪಟ್ಟಿ.

ಪ್ರತಿ: ಪ್ರಾಂಶುಪಾಲರು ಹಾಗೂ ಎಂಸಿಎ ವಿಭಾಗದ ಮುಖ್ಯಸ್ಥರ ಮಾಹಿತಿಗಾಗಿ.