ನರದ ಮಾತ್ರೆ: ಅಂಗಡಿಯಲ್ಲಿ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಅವ್ವನಿಗೆ 12 ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲು ಉರಿ, ಜೋಮು. ಕಲಬುರಗಿ ಬಿಸಿಲಿಗೆ ಹಂಗಾಗುತ್ತದೆ ಅಂತ ಮೊದಲು ಸುಮ್ನಿದ್ದೆವು. ಆಮೇಲೆ ನೆರೆಮನೆಯವರು ಹೇಳಿದರು ಅಂತ ಒಂದು ನರದ ಮಾತ್ರೆ, ಅಂಗಡಿಯವರು ಕೊಟ್ಟರು ಅಂತ ಇನ್ನೊಂದು, ಶಕ್ತಿಗೆ ಇರಲಿ ಅಂತ ಮಲ್ಟಿವಿಟಮಿನ್ ಬೇರೆ. ಮೂರರಲ್ಲೂ ವಿಟಮಿನ್ ಬಿ6 ಇತ್ತು. ನಾವ್ಯಾರೂ ಕೂಡಿಸಿ ನೋಡಲಿಲ್ಲ.

ದಿನಕ್ಕೆ ಬೇಕಾಗುವ ಬಿ6 ಸುಮಾರು 2 ಮಿಲಿಗ್ರಾಂ ಅಷ್ಟೇ. ತಿಂಗಳುಗಟ್ಟಲೆ ಬಹಳ ಜಾಸ್ತಿ ನುಂಗಿದರೆ ಅದೇ ನರ ಕೆಡಿಸುತ್ತದೆ, ಮತ್ತೆ ಅದೇ ಜೋಮು, ಅದೇ ಉರಿ, ನಡೆಯುವಾಗ ತೂರಾಟ. ನೋವು ಹೆಚ್ಚಾಯಿತು ಅಂತ ಮತ್ತೊಂದು ಮಾತ್ರೆ ತರುತ್ತೇವೆ, ಅಲ್ವಾ? ಡಾಕ್ಟರು ಎಲ್ಲ ಮಾತ್ರೆ ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿ ನೋಡಿ ಎರಡನ್ನು ನಿಲ್ಲಿಸಿದರು.

ಕೆಲವು ನರದ ಮಾತ್ರೆಗಳಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಅನ್ನುವ ಅಂಶವೂ ಇರುತ್ತದೆ, ಅದರಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅದು ಸಕ್ಕರೆಯನ್ನೂ ಇಳಿಸಬಹುದು. ಇನ್ಸುಲಿನ್ ತಗೊಳ್ಳುವವರು ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಇನ್ನು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದಕ್ಕೂ ಜೋಮು ಬರುತ್ತದೆ. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಔಷಧಿ ಅಂಗಡಿಯವರಲ್ಲಿ ಕೈಮುಗಿದು ಕೇಳುತ್ತೇನೆ. ನರದ ಮಾತ್ರೆ ಕೊಡುವ ಮುಂಚೆ 'ಬೇರೆ ಏನು ತಗೊಳ್ತೀರಿ?' ಅಂತ ಒಂದು ಮಾತು ಕೇಳಿ. ಪಟ್ಟಿಯ ಮೇಲಿನ ಇಂಗ್ಲಿಷ್ ನಮ್ಮ ಅವ್ವನಿಗೆ ಓದಲು ಬರುವುದಿಲ್ಲ.

ಓದುಗ, ಕಲಬುರಗಿ