ಅಯ್ಯನವರ ಪಕ್ಕ ಯಾರು ಕೂತಿರ್ತಾರೆ?

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ರ ಬಂತು ಅಂದ್ರೆ ರಾಜಕಾರಣಿಗಳು ಕೇಕ್ ಕಟ್ ಮಾಡೋ ಫೋಟೋಗಳು ಪೇಪರಲ್ಲಿ ಬರತ್ತೆ, ಪಕ್ಕದಲ್ಲಿ ನಮ್ಮ ಪಾಸ್ಟರ್‌ಗಳು, ಬಿಷಪ್‌ಗಳು ನಿಂತಿರ್ತಾರೆ. ಕೇಕ್ ತಿಂದಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಆ ಫೋಟೋ ನೋಡಿದಾಗೆಲ್ಲ ನಂಗೆ ಅಮೆರಿಕದ ಹೆಸರಾಂತ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ನೆನಪಾಗ್ತಾರೆ, ಮನಸ್ಸಿಗೆ ಕಷ್ಟ ಆಗತ್ತೆ.

ಅವರ ಮೇಲೆ ನಂಗೆ ಗೌರವ ಇದೆ, ಅದಕ್ಕೇ ಬರೀತಿದೀನಿ. ದುಡ್ಡಿಗೆ ಬಿದ್ದ ಮನುಷ್ಯ ಅಲ್ಲ ಅವರು. 1948ರಲ್ಲೇ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ತಮ್ಮ ತಂಡದವರ ಜತೆ ಕೂತು ಕಾಣಿಕೆ ದುಡ್ಡು ಹೇಗಿರಬೇಕು, ಪರಸ್ತ್ರೀ ಜತೆ ಒಬ್ಬರೇ ಇರಬಾರದು, ಕೂಟಕ್ಕೆ ಬಂದವರ ಲೆಕ್ಕ ಉಬ್ಬಿಸಿ ಹೇಳಬಾರದು ಅಂತೆಲ್ಲ ಕಟ್ಟುಪಾಡು ಮಾಡ್ಕೊಂಡಿದ್ರು. ಜನರಿಗೆ ಹೆದರೋರೂ ಅಲ್ಲ, 1957ರಲ್ಲಿ ನ್ಯೂಯಾರ್ಕ್ ಕೂಟದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ವೇದಿಕೆಗೆ ಕರೆದು ಪ್ರಾರ್ಥನೆ ಮಾಡಿಸಿದ್ರು, ಆಗಿನ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ಅಂಥವರು ಸೋತಿದ್ದು ಗೆಳೆತನಕ್ಕೆ. ರಿಚರ್ಡ್ ನಿಕ್ಸನ್ ಹಳೇ ಸ್ನೇಹಿತ, ಒಟ್ಟಿಗೆ ಗಾಲ್ಫ್ ಆಡೋರು, ಪ್ರೆಸಿಡೆಂಟ್ ಆದ್ಮೇಲೆ ವೈಟ್ ಹೌಸಿನ ಬಾಗಿಲು ಇವರಿಗೆ ಸದಾ ತೆರೆದಿತ್ತು. 1970ರ ಮೇ ತಿಂಗಳಲ್ಲಿ, ಕೆಂಟ್ ಸ್ಟೇಟ್ ಯೂನಿವರ್ಸಿಟೀಲಿ ನಿಕ್ಸನ್ ಸರ್ಕಾರ ನಡೆಸ್ತಿದ್ದ ವಿಯೆಟ್ನಾಂ ಯುದ್ಧ ಬೇಡ ಅಂತ ಪ್ರತಿಭಟನೆ ನಡೀವಾಗ ಗುಂಡೇಟಿಗೆ ನಾಲ್ಕು ಸ್ಟೂಡೆಂಟ್ಸ್ ಸತ್ತು ಒಂದು ತಿಂಗಳೂ ಆಗಿರಲಿಲ್ಲ, ಟೆನ್ನೆಸ್ಸೀಯ ನಾಕ್ಸ್‌ವಿಲ್ ಸ್ಟೇಡಿಯಮ್ಮಲ್ಲಿ ಸುವಾರ್ತಾ ಕೂಟದ ವೇದಿಕೆ ಮೇಲೆ ಅದೇ ನಿಕ್ಸನ್‌ರನ್ನ ನಿಲ್ಲಿಸಿದ್ರು. ಕರ್ತನ ವಾಕ್ಯಕ್ಕೆ ಅಂತ ಬಂದ ಜನದ ಎದುರಿಗೆ!

ಆಮೇಲೆ 1972ರ ಫೆಬ್ರವರಿ 1. ಬೆಳಗ್ಗೆ ರಾಷ್ಟ್ರೀಯ ಪ್ರಾರ್ಥನಾ ಉಪಾಹಾರ ಕೂಟ, ಅದು ಮುಗಿಸಿ ಓವಲ್ ಆಫೀಸಲ್ಲಿ ಮಾತುಕತೆ. ನಿಕ್ಸನ್ ಯೆಹೂದ್ಯರನ್ನ ಬೈಯೋಕೆ ಶುರು ಮಾಡಿದ್ರು. ಪಾಸ್ಟರ್ ಆದವರು ತಡೀಬೇಕಿತ್ತು, ಹೋಗ್ಲಿ ಸುಮ್ನೆ ಆದ್ರೂ ಇರಬಹುದಿತ್ತು. ಗ್ರಹಾಂ ದನಿಗೂಡಿಸಿದ್ರು, ಮೀಡಿಯಾ ಮೇಲೆ ಯೆಹೂದ್ಯರ ಹಿಡಿತ ಮುರೀಲೇಬೇಕು ಅಂದ್ರು, ನನ್ನ ಯೆಹೂದಿ ಸ್ನೇಹಿತರಿಗೆ ನನ್ನ ಮನಸ್ಸಲ್ಲಿ ನಿಜಕ್ಕೂ ಏನಿದೆ ಅಂತ ಗೊತ್ತಿಲ್ಲ ಅನ್ನೋ ಅರ್ಥದ ಮಾತೂ ಆಡಿದ್ರು. 1994ರಲ್ಲಿ ನಿಕ್ಸನ್‌ರ ಆಪ್ತ ಹಾಲ್ಡ್‌ಮನ್ ಅವರ ಡೈರಿಯಿಂದ ವಿಷಯ ಹೊರಬಂದಾಗ ಅದು ನನ್ನ ಮಾತಲ್ಲ ಅಂದ್ರು. 2002ರಲ್ಲಿ ಆ ಮಾತುಕತೆ ರೆಕಾರ್ಡ್ ಆಗಿದ್ದ ಟೇಪೇ ಹೊರಗೆ ಬಂತು. ಆಗ ಕ್ಷಮೆ ಕೇಳಿದ್ರು, ಆ ಸಂದರ್ಭ ನಂಗೆ ನೆನಪೇ ಇಲ್ಲ ಅಂದ್ರು.

ನಾನು ಇಲ್ಲೇ ಸಿಕ್ಕಿಕೊಂಡಿರೋದು. ಸುಳ್ಳು ಹೇಳಿದ್ರು ಅಂತ ನಂಗೆ ಅನ್ಸಲ್ಲ. ನಿಜವಾಗ್ಲೂ ಮರೆತಿರಬೇಕು, ಯಾಕಂದ್ರೆ ಆ ರೂಮಲ್ಲಿ ಹಾಗೆ ಮಾತಾಡೋದು ಅಷ್ಟು ಮಾಮೂಲಾಗಿತ್ತು. ಅವತ್ತು ಯಾರೂ ಅವರಿಗೆ ಏಸುವನ್ನ ಬಿಡು ಅನ್ನಲಿಲ್ಲ, ಲಂಚ ಕೊಡಲಿಲ್ಲ, ಪ್ರೀತಿಯಿಂದ ಪಕ್ಕ ಕೂರಿಸ್ಕೊಂಡ್ರು ಅಷ್ಟೇ. ದುಡ್ಡಿಗೆ ಹೆಂಗಸಿಗೆ ಎಲ್ಲದಕ್ಕೂ ಬೇಲಿ ಹಾಕ್ಕೊಂಡವರು ಅಧಿಕಾರದಲ್ಲಿರೋ ಸ್ನೇಹಿತನ ಕಡೆ ಬೇಲಿ ಹಾಕೋದನ್ನ ಮರೆತರು. 2011ರಲ್ಲಿ, 90 ದಾಟಿದ ಮೇಲೆ, ರಾಜಕೀಯದಿಂದ ದೂರ ಇರಬೇಕಿತ್ತು, ಕೆಲವು ಸಲ ಗೆರೆ ದಾಟಿಬಿಟ್ಟೆ ಅಂತ ಅವರೇ ಒಪ್ಕೊಂಡ್ರು, ಒಪ್ಪಿಕೊಳ್ಳೋಕೂ ದೊಡ್ಡ ಮನಸ್ಸು ಬೇಕು.

ಇದು ಹೊಸದೇನಲ್ಲ. ಬೈಬಲಲ್ಲಿ ಇದೆ, ಅಂತಿಯೋಕ್ಯ ಪಟ್ಟಣದಲ್ಲಿ ಏಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದ್ರೆ ಯೆಹೂದ್ಯರಲ್ಲದವರ ಜತೆ ಕೂತು ಊಟ ಮಾಡ್ತಿದ್ದೋನು ಯೆರೂಸಲೇಮಿಂದ ಯಾಕೋಬನ ಕಡೆಯ ಯೆಹೂದಿಗಳು ಬಂದ ತಕ್ಷಣ ಎದ್ದು ದೂರ ಕೂತ, ಬಾರ್ನಬನೂ ಅವನ ಹಿಂದೆ ಹೋದ. ಅಪೊಸ್ತಲ ಪೌಲ ಎಲ್ಲರ ಎದುರಿಗೇ ಇದು ತಪ್ಪು ಅಂತ ಪೇತ್ರನನ್ನ ಕೇಳಿದ. ಗ್ರಹಾಂ ಪಾಲಿಗೆ ಆ ಓವಲ್ ಆಫೀಸಲ್ಲಿ ಒಬ್ಬ ಪೌಲ ಇರಲಿಲ್ಲ.

ನಮ್ಮ ಸಭೆಯಲ್ಲೂ ನೋಡ್ತಿದೀನಿ. ಮೊದಲು ನಮ್ಮ ಪಾಸ್ಟರ್ ಅಯ್ಯನವರು ಬಡವರ ಮನೆ ಪ್ರಾರ್ಥನೆಗೆ ಸ್ಕೂಟರಲ್ಲಿ ಬರೋರು, ಚಾಪೆ ಮೇಲೆ ಕೂತು ಕಾಫಿ ಕುಡಿಯೋರು. ಈಗ ಊರಿನ ಲೀಡರ್‌ಗಳ ಫಂಕ್ಷನ್ನಲ್ಲೇ ಜಾಸ್ತಿ ಸಿಗ್ತಾರೆ, ಪ್ರಸಂಗದಲ್ಲಿ ಬಡವರ ಪರ ನ್ಯಾಯ ಕೇಳಿದ ಪ್ರವಾದಿ ಆಮೋಸನ ಹೆಸರು ಕೇಳಿ ಎಷ್ಟೋ ದಿನ ಆಯ್ತು. ಕೆಟ್ಟವರಲ್ಲ, ಖಂಡಿತ ಅಲ್ಲ. ಹಿಂದಿನಿಂದ ಮಾತಾಡೋದು ಬೇಡ ಅಂತ ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಇದನ್ನೆಲ್ಲ ಎದುರಿಗೇ ಹೇಳಿದೆ, ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಈ ವಾರ ಸಾಯಂಕಾಲ ಮನೆಗೆ ಬನ್ನಿ, ಕೂತು ಮಾತಾಡೋಣ ಅಂತ ಮತ್ತೆ ಕರೆದಿದೀನಿ.

— ಒಬ್ಬ ಸಭೆಯ ಸದಸ್ಯ, ಧಾರವಾಡ