ಚಾರ್ಜ್ ಇಲ್ಲದ ಕಾಗದ ಯಾಕೆ ಹಾರಿ ಬರುತ್ತದೆ?

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ್ದು ಒಳ್ಳೇ ಪ್ರಶ್ನೆ. ತಲೆಗೆ ಉಜ್ಜಿದ ಬಾಚಣಿಗೆಗೆ ವಿದ್ಯುತ್ ಚಾರ್ಜ್ ಇದೆ, ಸರಿ. ಕಾಗದದ ಚೂರಿಗೆ ಇಲ್ಲವಲ್ಲ, ಅದು ಯಾಕೆ ಹಾರಿ ಬಂದು ಅಂಟಿಕೊಳ್ಳಬೇಕು?

ಕಾಗದದಲ್ಲೂ ಚಾರ್ಜ್ ಬೇಕಾದಷ್ಟಿದೆ ಮಗಳೇ. ಪ್ಲಸ್ ಎಷ್ಟಿದೆಯೋ ಮೈನಸ್ಸೂ ಅಷ್ಟೇ ಇರುವುದರಿಂದ ಹೊರಗೆ ಗೊತ್ತಾಗುವುದಿಲ್ಲ. ಒಣ ಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಸಾಮಾನ್ಯವಾಗಿ ಮೈನಸ್ ಆಗುತ್ತದೆ. (ಅಜ್ಜಿ ತಲೆಗೆ ಎಣ್ಣೆ ತಟ್ಟಿದ ದಿನ ಈ ಆಟ ನಡೆಯಲ್ಲ.) ಬಾಚಣಿಗೆ ಹತ್ತಿರ ಬಂದಾಗ ಕಾಗದದ ಅಣುಗಳೊಳಗಿನ ಎಲೆಕ್ಟ್ರಾನುಗಳು, ಅಂದರೆ ಮೈನಸ್ ಚಾರ್ಜಿನ ಪುಟಾಣಿ ಕಣಗಳು, ಒಂಚೂರು ಆಚೆ ಸರಿಯುತ್ತವೆ; ಮೈನಸ್ಸನ್ನು ಮೈನಸ್ ತಳ್ಳುತ್ತದೆ, ಪ್ಲಸ್ಸನ್ನು ಸೆಳೆಯುತ್ತದೆ. ಅಣು ಬಿಟ್ಟು ಹೋಗುವುದಿಲ್ಲ, ಇದ್ದಲ್ಲೇ ಒತ್ತರಿಸಿಕೊಳ್ಳುತ್ತವೆ, ಅಷ್ಟೇ. ಹಾಗಾಗಿ ಬಾಚಣಿಗೆಯ ಕಡೆ ಪ್ಲಸ್, ಆಚೆ ಕಡೆ ಮೈನಸ್. ಹತ್ತಿರದ್ದರ ಸೆಳೆತ ಜಾಸ್ತಿ, ದೂರದ್ದರ ತಳ್ಳಾಟ ಕಡಿಮೆ. ಸೆಳೆತವೇ ಗೆಲ್ಲುತ್ತದೆ.

ಬಾಚಣಿಗೆಯ ಬದಲು ಪ್ಲಸ್ ಚಾರ್ಜಿನ ವಸ್ತು ಹಿಡಿದರೂ ಕಾಗದ ಬರುತ್ತದೆ, ಗೊತ್ತಾ? ಅದಕ್ಕೇ ಎರಡು ವಸ್ತುಗಳು ಸೆಳೆದುಕೊಂಡವು ಅಂದಮಾತ್ರಕ್ಕೆ ಎರಡಕ್ಕೂ ಚಾರ್ಜ್ ಇದೆ ಅನ್ನುವ ಹಾಗಿಲ್ಲ. ಒಂದನ್ನೊಂದು ತಳ್ಳಿದರೆ ಮಾತ್ರ ನಂಬಬಹುದು.

ಲೋಹದ ವಿಷಯ ಇನ್ನೂ ಮಜವಾಗಿದೆ. ಅಲ್ಲಿ ಎಷ್ಟೋ ಎಲೆಕ್ಟ್ರಾನುಗಳು ಯಾವ ಅಣುವಿಗೂ ಅಂಟಿಕೊಳ್ಳದೆ ಓಡಾಡಿಕೊಂಡಿರುತ್ತವೆ. ಇದನ್ನೇ ಬಳಸಿ 1775ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಎಲೆಕ್ಟ್ರೋಫೋರಸ್ ಅನ್ನುವ, ಲೋಹದ ತಟ್ಟೆಗೆ ಮತ್ತೆ ಮತ್ತೆ ಚಾರ್ಜ್ ತುಂಬುವ ಸಾಧನವನ್ನು ಎಲ್ಲರಿಗೂ ಪರಿಚಯಿಸಿದ. ಸ್ವೀಡನ್ನಿನ ವಿಜ್ಞಾನಿ ವಿಲ್ಕೆ 1762ರಲ್ಲೇ ಇಂಥದ್ದೊಂದನ್ನು ಮಾಡಿದ್ದ, ಹೆಸರು ಮಾತ್ರ ವೋಲ್ಟಾನಿಗೆ ಬಂತು.

ನೀನೂ ಮಾಡಬಹುದು. ಹಗುರವಾದ ಅಲ್ಯೂಮಿನಿಯಂ ತಟ್ಟೆಯ ನಡುವೆ ಪ್ಲಾಸ್ಟಿಕ್ ಲೋಟ ಅಂಟಿಸು, ಅದೇ ಹಿಡಿಕೆ. ಥರ್ಮಾಕೋಲ್ ಹಾಳೆಯನ್ನು ಉಣ್ಣೆ ಬಟ್ಟೆಯಿಂದ ಚೆನ್ನಾಗಿ ಉಜ್ಜು, ಅದು ಮೈನಸ್ ಆಗುತ್ತದೆ. ಲೋಟ ಹಿಡಿದು ತಟ್ಟೆಯನ್ನು ಅದರ ಮೇಲಿಡು. ತಟ್ಟೆಯ ಎಲೆಕ್ಟ್ರಾನುಗಳು ಥರ್ಮಾಕೋಲಿನಿಂದ ದೂರ, ಮೇಲಕ್ಕೆ ಸರಿಯುತ್ತವೆ. ಈಗ ಬೆರಳಿನಿಂದ ತಟ್ಟೆ ಮುಟ್ಟು. ಚಟ್! ಅವುಗಳಲ್ಲಿ ಕೆಲವು ನಿನ್ನ ಬೆರಳಿನ ಮೂಲಕ ಪಾರಾಗುತ್ತವೆ. ಮೊದಲು ಬೆರಳು ತೆಗೆ, ಆಮೇಲೆ ಲೋಟ ಹಿಡಿದು ತಟ್ಟೆ ಎತ್ತು. ಈ ಕ್ರಮ ತಪ್ಪಿದರೆ ಪಾರಾದವು ವಾಪಸ್ ಬಂದುಬಿಡುತ್ತವೆ. ಸರಿಯಾಗಿ ಮಾಡಿದರೆ ತಟ್ಟೆ ಪ್ಲಸ್ ಆಗಿರುತ್ತದೆ. ಮತ್ತೆ ಮುಟ್ಟಿದರೆ ಮತ್ತೆ ಚಟ್.

ತಟ್ಟೆಯನ್ನು ಪುನಃ ಇಟ್ಟು, ಮುಟ್ಟಿ, ಎತ್ತಿದರೆ ಇನ್ನೊಂದು ಕಿಡಿ. ಥರ್ಮಾಕೋಲನ್ನು ಮತ್ತೆ ಉಜ್ಜಬೇಕಾಗಿಲ್ಲ! ಅದರ ಚಾರ್ಜ್ ತಟ್ಟೆಗೆ ಹೋಗಿಯೇ ಇಲ್ಲ, ಸುಮ್ನೆ ಪಕ್ಕದಲ್ಲಿದ್ದು ಕೆಲಸ ಮಾಡಿಸಿತು. ಹಾಗಾದರೆ ಕಿಡಿಗೆ ಶಕ್ತಿ ಪುಕ್ಕಟೆ ಬಂತಾ? ಇಲ್ಲ. ಪ್ಲಸ್ ತಟ್ಟೆಯನ್ನು ಮೈನಸ್ ಥರ್ಮಾಕೋಲ್ ಕೆಳಕ್ಕೆ ಎಳೆಯುತ್ತಿರುತ್ತದೆ, ಅಲ್ವಾ? ಅದನ್ನು ಬಿಡಿಸಿ ಎತ್ತುವುದು ನಿನ್ನ ಕೈ. ಶಕ್ತಿ ಅಲ್ಲಿಂದಲೇ ಬಂತು.

ಮಳೆಗಾಲದಲ್ಲಿ ಮಾಡಿ ಬೇಜಾರು ಮಾಡಿಕೊಳ್ಳಬೇಡ, ತೇವಕ್ಕೆ ಚಾರ್ಜ್ ಸೋರಿಹೋಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ, ದೀಪ ಆರಿಸಿ ಮಾಡಿದರೆ ಕಿಡಿ ಕಣ್ಣಿಗೂ ಬೀಳುತ್ತದೆ.

ನಿನ್ನ
ಅಪ್ಪ